ಲ್ಯಾಪಿಸ್ ಲಾಜುಲಿ (ಹೆಸರಿನ ಅರ್ಥ ಮತ್ತು ಮೂಲ)

ಲ್ಯಾಪಿಸ್ ಲಾಜುಲಿ ಎಂಬುದು ಕಡುನೀಲಿ ಬಣ್ಣದ ಒಂದು ಉಪರತ್ನದ ಹೆಸರು. ಸಂಸ್ಕೃತದ ರಸಶಾಸ್ತ್ರ ಗ್ರಂಥಗಳಲ್ಲಿ ಇದಕ್ಕೆ ರಾಜಾವರ್ತ ಎಂಬ ಹೆಸರಿದೆ. ಪಾರಸಿ, ಉರ್ದು ಮತ್ತು ಹಿಂದಿ ಭಾಷೆಗಳಲ್ಲಿ ಲಾಜವರ್ದ್ ಎನ್ನುತ್ತಾರೆ. ಲ್ಯಾಟಿನ್ ಪದವೊಂದು ಅರಬ್ಬಿಯ ಮೂಲಕ ಬಂದ ಪಾರಸಿ ಪದದೊಡನೆ ಕೂಡಿ ಈ ಹೆಸರು ಉಂಟಾಗಿದೆ. 'ಲಾಜವರ್ದದ ಕಲ್ಲು' ಎಂಬುದು ಇದರ ಅರ್ಥ. ಮಧ್ಯ ಏಷ್ಯಾದ ಬದಖ್ಶಾನ್ ಪ್ರದೇಶದಲ್ಲಿ ಈ ಕಲ್ಲು ದೊರೆಯುತ್ತಿದ್ದ ಸ್ಥಳದ ಹೆಸರೇ ಲಾಜವರ್ದ್ ಆಗಿತ್ತೆಂಬುದು ಸಾಮಾನ್ಯವಾಗಿ ಒಪ್ಪಿತವಾಗಿರುವ ವಿವರಣೆ. ಊರಿನ ಹೆಸರು ಕಲ್ಲಿಗೆ ಬಂದಿತು. ಕಲ್ಲಿನ ಹೆಸರು ಬಣ್ಣಕ್ಕೆ ಬಂದಿತು. ಯುರೋಪಿನ ಹಲವು ಭಾಷೆಗಳಲ್ಲಿ ನೀಲಿ ಬಣ್ಣವನ್ನು ಸೂಚಿಸುವ ಪದಗಳು ಹುಟ್ಟಿರುವುದು ಇದರಿಂದಲೇ.

ಇಂದು ನೀಲಮಣಿಗೆ ಬಳಕೆಯಲ್ಲಿರುವ ಸಫೈರ್ ಎಂಬ ಹೆಸರು ಪ್ರಾಚೀನ ಕಾಲದಲ್ಲಿ ಲ್ಯಾಪಿಸ್ ಲಾಜುಲಿಯ ಹೆಸರಾಗಿತ್ತು. ಹಳೆಯ ಗ್ರೀಕ್, ಲ್ಯಾಟಿನ್ ಮತ್ತು ಹೀಬ್ರೂ ಗ್ರಂಥಗಳನ್ನು ಅನುವಾದದಲ್ಲಿ ಓದುವವರು ಈ ಪಲ್ಲಟವನ್ನು ತಿಳಿಯದಿದ್ದರೆ ಒಂದು ಕಲ್ಲಿನ ಇತಿಹಾಸವನ್ನು ಮತ್ತೊಂದು ಕಲ್ಲಿಗೆ ಅಂಟಿಸುವ ಸಂಭವವಿದೆ.

ಶಿಲೆಯ ಸ್ವರೂಪ

ಹೆಸರಿನ ಚರ್ಚೆಗೆ ಅಗತ್ಯವಿರುವಷ್ಟು ಮಟ್ಟಿಗೆ ಕಲ್ಲಿನ ಲಕ್ಷಣಗಳನ್ನು ಇಲ್ಲಿ ಹೇಳಬೇಕಾಗುತ್ತದೆ. ಲ್ಯಾಪಿಸ್ ಲಾಜುಲಿಯು ಒಂದೇ ಖನಿಜವಲ್ಲ. ಹಲವು ಖನಿಜಗಳು ಬೆರೆತಿರುವ ರೂಪಾಂತರ ಶಿಲೆ. ಇದರಲ್ಲಿ ನೀಲಿ ಬಣ್ಣದ ಲಾಜುರೈಟ್ ಮುಖ್ಯವಾದುದು. ಅದರ ಜೊತೆಗೆ ಬಿಳಿಯ ಕ್ಯಾಲ್ಸೈಟ್ ಎಳೆಗಳೂ ಚಿನ್ನದಂತೆ ಹೊಳೆಯುವ ಪೈರೈಟ್ ಕಣಗಳೂ ಇರುತ್ತವೆ. ಲಾಜುರೈಟ್ ಸ್ಫಟಿಕದ ಚೌಕಟ್ಟಿನೊಳಗೆ ಮೂರು ಮೂರು ಗಂಧಕದ ಪರಮಾಣುಗಳು ಕೂಡಿದ ಅಯಾನುಗಳು ಸಿಕ್ಕಿಕೊಂಡಿರುವುದೇ ನೀಲಿ ಬಣ್ಣಕ್ಕೆ ಕಾರಣ. ಮೋಸ್ ಮಾನಕದಲ್ಲಿ ಇದರ ಗಡಸುತನ ಸುಮಾರು 5ರಿಂದ 5.5. ಬೆಳಕು ಇದರ ಮೂಲಕ ಹಾಯುವುದಿಲ್ಲ.

ನೀಲಮಣಿ ಅಥವಾ ಇಂದ್ರನೀಲವು ಇದಕ್ಕಿಂತ ಸಂಪೂರ್ಣವಾಗಿ ಬೇರೆ. ಅದು ಅಲ್ಯೂಮಿನಿಯಂ ಆಕ್ಸೈಡಿನಿಂದಾದ ಕೊರಂಡಮ್ ಎಂಬ ಖನಿಜದ ನೀಲಿ ಬಗೆ. ಗಡಸುತನ 9. ಉತ್ತಮ ದರ್ಜೆಯದು ಪಾರದರ್ಶಕ. ಅದರಲ್ಲಿ ಚಿನ್ನದ ಬಣ್ಣದ ಪೈರೈಟ್ ಚುಕ್ಕೆಗಳು ಹರಡಿರುವುದಿಲ್ಲ. ಈ ವ್ಯತ್ಯಾಸಗಳನ್ನು ನೆನಪಿನಲ್ಲಿಟ್ಟುಕೊಂಡರೆ ಪ್ರಾಚೀನ ಲೇಖಕರು ಯಾವ ಕಲ್ಲನ್ನು ಕುರಿತು ಬರೆದಿದ್ದಾರೆಂಬುದನ್ನು ಗುರುತಿಸುವುದು ಕಷ್ಟವಾಗುವುದಿಲ್ಲ.

ಪದದ ರಚನೆ

ಹೆಸರಿನ ಮೊದಲ ಭಾಗವಾದ 'ಲ್ಯಾಪಿಸ್' ಎಂಬುದು ಲ್ಯಾಟಿನ್ ಭಾಷೆಯಲ್ಲಿ ಕಲ್ಲು ಎಂಬ ಅರ್ಥದ ಸಾಮಾನ್ಯ ನಾಮಪದ. ಎರಡನೆಯ ಭಾಗವಾದ 'ಲಾಜುಲಿ'ಯು ಮಧ್ಯಯುಗದ ಲ್ಯಾಟಿನ್ನಿನ 'ಲಾಜುಲಂ' ಎಂಬ ಪದದ ಷಷ್ಠೀ ವಿಭಕ್ತಿ ರೂಪ. ಕನ್ನಡದ 'ಅ' ಪ್ರತ್ಯಯ ಮಾಡುವ ಕೆಲಸವನ್ನೇ ಕೊನೆಯ ಇಕಾರ ಇಲ್ಲಿ ಮಾಡುತ್ತದೆ. ಆದುದರಿಂದ 'ಲಾಜುಲಂನ ಕಲ್ಲು' ಎಂದು ಇದನ್ನು ಬಿಡಿಸಬಹುದು. ಬರಿಯ 'ಲ್ಯಾಪಿಸ್' ಎಂದು ಕರೆಯುವ ರೂಢಿ ಆಭರಣ ವ್ಯಾಪಾರದಲ್ಲಿ ಇದೆಯಾದರೂ, ಅಕ್ಷರಶಃ ನೋಡಿದರೆ ಅದು 'ಕಲ್ಲು' ಎಂದಷ್ಟೇ ಹೇಳಿದಂತಾಗುತ್ತದೆ.

ಲಾಜುಲಂ ಎಂಬುದು ಲ್ಯಾಟಿನ್ನಿನ ಸ್ವಂತ ಪದವಲ್ಲ. ರೋಮನ್ ಕಾಲದ ಪ್ರಾಚೀನ ಲೇಖಕರಲ್ಲಿ ಇದು ಕಾಣಿಸುವುದಿಲ್ಲ. ಅರಬ್ಬಿಯ 'ಲಾಜವರ್ದ್' ಎಂಬುದು ಮಧ್ಯಯುಗದಲ್ಲಿ ವೈದ್ಯಕೀಯ ಮತ್ತು ವರ್ಣದ್ರವ್ಯಗಳ ಗ್ರಂಥಗಳ ಮೂಲಕವೂ ವ್ಯಾಪಾರದ ಮೂಲಕವೂ ಯುರೋಪಿಗೆ ಬಂದು ಈ ರೂಪವನ್ನು ತಾಳಿತು. ಅರಬ್ಬಿಯು ಅದನ್ನು ಪಾರಸಿಯಿಂದ ಪಡೆದಿತ್ತು. ಪಾರಸಿಯಲ್ಲಿ ಪದದ ನಡುವಣ ವ್ಯಂಜನದ ಉಚ್ಚಾರಣೆ ಜಕಾರಕ್ಕೂ ಶಕಾರಕ್ಕೂ ನಡುವೆ ಇರುವಂಥದು. ಅರಬ್ಬಿಯಲ್ಲಿ ಆ ಧ್ವನಿ ಇಲ್ಲದುದರಿಂದ ಅದು ಘೋಷ ಸಕಾರದಂತಹ ಧ್ವನಿಯಾಗಿ ಬದಲಾಯಿತು. ಕನ್ನಡ ಲಿಪಿಯಲ್ಲಿ ಈ ಎರಡನ್ನೂ ಜಕಾರದಿಂದಲೇ ಬರೆಯುವುದರಿಂದ ಭೇದ ಕಾಣುವುದಿಲ್ಲ.

ಲಾಜವರ್ದ್ ಎಂಬ ಸ್ಥಳ

ಇಂದಿನ ಆಫ್ಘಾನಿಸ್ತಾನದ ಈಶಾನ್ಯ ಮೂಲೆಯಲ್ಲಿರುವ ಬದಖ್ಶಾನ್ ಪ್ರಾಂತದಲ್ಲಿ, ಅಮು ದರಿಯಾ ನದಿಯ ಉಪನದಿಯಾದ ಕೊಕ್ಚಾದ ಕಣಿವೆಯಲ್ಲಿ ಸರ್-ಇ-ಸಂಗ್ ಎಂಬ ಗಣಿಗಳಿವೆ. ಪ್ರಾಚೀನ ಪ್ರಪಂಚಕ್ಕೆ ಒದಗುತ್ತಿದ್ದ ಉತ್ತಮ ದರ್ಜೆಯ ಲ್ಯಾಪಿಸ್ ಲಾಜುಲಿಯ ಬಹುಭಾಗ ಈ ಪ್ರದೇಶದಿಂದಲೇ ಹೋಗುತ್ತಿತ್ತು. ಸರ್-ಇ-ಸಂಗ್ ಎಂಬ ಹೆಸರಿನಲ್ಲಿರುವ 'ಸಂಗ್' ಪದಕ್ಕೂ ಕಲ್ಲು ಎಂದೇ ಅರ್ಥ. ಅಲ್ಲಿ ಅಮೃತಶಿಲೆಯ ಪದರಗಳ ನಡುವೆ ನೀಲಿ ಕಲ್ಲು ಸಿಗುತ್ತದೆ. ಗಣಿಗಳು ಕಡಿದಾದ ಬೆಟ್ಟದ ಪಾರ್ಶ್ವದಲ್ಲಿವೆ. ಚಳಿಗಾಲದಲ್ಲಿ ಹಿಮ ಕವಿದು ದಾರಿಗಳು ದುರ್ಗಮವಾಗುತ್ತವೆ.

13ನೆಯ ಶತಮಾನದ ವೆನಿಸಿನ ಪ್ರವಾಸಿ ಮಾರ್ಕೊ ಪೋಲೊ ತನ್ನ ಪ್ರವಾಸ ಕಥನದಲ್ಲಿ ಬದಖ್ಶಾನನ್ನು ವರ್ಣಿಸುವಾಗ, ಬೆಟ್ಟಗಳಲ್ಲಿ ನೀಲಿ ಕಲ್ಲಿನ ಗಣಿಗಳಿರುವುದನ್ನು ಹೇಳಿದ್ದಾನೆ. ಆರು ಶತಮಾನಗಳ ನಂತರ, 1838ರ ಚಳಿಗಾಲದಲ್ಲಿ, ಅಮು ದರಿಯಾ ನದಿಯ ಉಗಮವನ್ನು ಹುಡುಕುತ್ತ ಹೊರಟಿದ್ದ ಬ್ರಿಟಿಷ್ ಅಧಿಕಾರಿ ಜಾನ್ ವುಡ್ ಈ ಗಣಿಗಳನ್ನು ಕಂಡನು. ಬಂಡೆಯ ಕೆಳಗೆ ಕುರುಚಲು ಕಟ್ಟಿಗೆಯಿಂದ ಬೆಂಕಿ ಉರಿಸಿ, ಬಂಡೆ ಕಾದ ಮೇಲೆ ತಣ್ಣೀರು ಎರಚಿ ಬಿರುಕು ಬಿಡಿಸಿ, ಅನಂತರ ನೀಲಿ ಕಲ್ಲನ್ನು ಒಡೆದು ತೆಗೆಯುವ ವಿಧಾನವನ್ನು ಅವನು ದಾಖಲಿಸಿದ್ದಾನೆ. ಗಣಿಗಾರರು ಲಾಜವರ್ದಿನಲ್ಲಿ ಮೂರು ಬಗೆಗಳನ್ನು ಗುರುತಿಸುತ್ತಿದ್ದರೆಂದೂ ಅವನು ಬರೆದಿದ್ದಾನೆ. ಕಡುನೀಲಿಯದು 'ನೀಲಿ', ಆಕಾಶದ ತಿಳಿನೀಲಿಯದು 'ಆಸ್ಮಾನಿ', ಹಸಿರು ಛಾಯೆಯದು 'ಸುವ್ಸಿ'. ಮೊದಲನೆಯ ಪದ ಕನ್ನಡಿಗರಿಗೆ ಅನುವಾದವಿಲ್ಲದೆಯೇ ತಿಳಿಯುತ್ತದೆ. ಸಂಸ್ಕೃತದ 'ನೀಲ'ವು ಪಾರಸಿಗೆ ಹೋಗಿ, ಬದಖ್ಶಾನಿನ ಗಣಿಗಾರರ ನಾಲಿಗೆಯಲ್ಲಿಯೂ ನಿಂತಿತ್ತು.

ಸ್ಥಳದ ಹೆಸರಿನಿಂದ ಕಲ್ಲಿಗೆ ಹೆಸರು ಬಂದಿತೇ, ಕಲ್ಲಿನಿಂದ ಸ್ಥಳಕ್ಕೆ ಬಂದಿತೇ ಎಂಬ ಪ್ರಶ್ನೆ ಸಹಜ. ನಿಘಂಟುಕಾರರಲ್ಲಿ ಹೆಚ್ಚಿನವರು ಮೊದಲನೆಯದನ್ನು ಒಪ್ಪುತ್ತಾರೆ. ಸ್ಥಳದಿಂದ ರತ್ನಕ್ಕೆ ಹೆಸರು ಬರುವುದು ಅಪರೂಪವೂ ಅಲ್ಲ. ಬೆರಿಲ್ ಎಂಬ ರತ್ನದ ಹೆಸರು ಪ್ರಾಕೃತದ 'ವೇರುಲಿಯ' ಎಂಬುದರಿಂದ ಗ್ರೀಕಿಗೆ ಹೋದುದು. ಆ ಪ್ರಾಕೃತ ಪದದ ಹಿಂದೆ ದಕ್ಷಿಣ ಭಾರತದ ವೇಲೂರು, ಅಂದರೆ ಇಂದಿನ ಬೇಲೂರು ಇರಬಹುದೆಂದು ಕೆಲವು ನಿಘಂಟುಗಳು ಸೂಚಿಸುತ್ತವೆ. ಟರ್ಕಾಯ್ಸ್ ಎಂಬ ಹಸಿರುನೀಲಿ ಕಲ್ಲಿನದು ಇನ್ನೊಂದು ಬಗೆ. ಆ ಹೆಸರಿಗೆ ಹಳೆಯ ಫ್ರೆಂಚಿನಲ್ಲಿ 'ತುರ್ಕಿಯ ಕಲ್ಲು' ಎಂದು ಅರ್ಥ. ಆದರೆ ಹೆಸರಾಂತ ಗಣಿಗಳಿದ್ದುದು ಇರಾನಿನ ನಿಶಾಪುರದಲ್ಲಿ. ಯುರೋಪಿಗೆ ಅದು ತುರ್ಕರ ನಾಡಿನ ಮೂಲಕ ಬರುತ್ತಿದ್ದುದರಿಂದ ದಾರಿಯ ಹೆಸರೇ ಕಲ್ಲಿಗೆ ಅಂಟಿಕೊಂಡಿತು.

ಪಾರಸಿ ಹೆಸರಿಗೆ ಮುಂಚಿನ ಹೆಸರುಗಳು

ಲಾಜವರ್ದ್ ಎಂಬ ಹೆಸರು ಹರಡುವುದಕ್ಕೆ ಸಾವಿರಾರು ವರ್ಷಗಳ ಮೊದಲೇ ಈ ಕಲ್ಲು ದೂರದೂರದ ನಾಡುಗಳಿಗೆ ತಲುಪಿತ್ತು. ಸುಮಾರು ಕ್ರಿ.ಪೂ. 2500ರ ಕಾಲದ, ಈಗ ಬ್ರಿಟಿಷ್ ಮ್ಯೂಸಿಯಮ್ಮಿನಲ್ಲಿರುವ 'ಉರ್ ಪತಾಕೆ' ಎಂಬ ಚಿತ್ರಿತ ಪೆಟ್ಟಿಗೆಯ ನೀಲಿ ಹಿನ್ನೆಲೆ ಈ ಕಲ್ಲಿನ ತುಂಡುಗಳಿಂದಾದುದು. ಈಜಿಪ್ಟಿನ ದೊರೆ ತುತಾಂಖಾಮೂನನ ಚಿನ್ನದ ಮುಖವಾಡದ ಹುಬ್ಬುಗಳಲ್ಲಿಯೂ ಕಣ್ಣಿನ ಸುತ್ತಲಿನ ರೇಖೆಗಳಲ್ಲಿಯೂ ಇದನ್ನೇ ಕೂರಿಸಿದ್ದಾರೆ. ಹರಪ್ಪಾ ಸಂಸ್ಕೃತಿಯ ಜನರಿಗೂ ಇದರ ವ್ಯಾಪಾರದಲ್ಲಿ ಪಾಲಿತ್ತು. ಅಮು ದರಿಯಾ ತೀರದ ಶೋರ್ತುಗೈ ಎಂಬಲ್ಲಿ ಅವರ ನೆಲೆಯೊಂದು ಪತ್ತೆಯಾಗಿದ್ದು, ಸಿಂಧೂ ಬಯಲಿನಿಂದ ಅಷ್ಟು ದೂರದಲ್ಲಿ ಅವರು ನೆಲೆಯೂರಲು ಬದಖ್ಶಾನಿನ ಗಣಿಗಳ ಸಾಮೀಪ್ಯವೂ ಒಂದು ಮುಖ್ಯ ಕಾರಣವೆಂದು ವಿದ್ವಾಂಸರು ಭಾವಿಸುತ್ತಾರೆ.

ಸುಮೇರಿಯನ್ ಭಾಷೆಯಲ್ಲಿ ಈ ಕಲ್ಲಿಗೆ 'ಝಗಿನ್' ಎಂದೂ, ಅಕ್ಕಾಡಿಯನ್ನಿನಲ್ಲಿ 'ಉಕ್ನು' ಎಂದೂ, ಪ್ರಾಚೀನ ಈಜಿಪ್ಟಿನ ಭಾಷೆಯಲ್ಲಿ 'ಖೆಸ್ಬೆಜ್' ಎಂದೂ ಹೆಸರಿತ್ತು. ಮೂರೂ ಪರಸ್ಪರ ಸಂಬಂಧವಿಲ್ಲದ ಪದಗಳು. ಕಲ್ಲು ಪಯಣಿಸಿತಾದರೂ ಆ ಕಾಲದಲ್ಲಿ ಹೆಸರು ಅದರೊಡನೆ ಪಯಣಿಸಲಿಲ್ಲ.

ಮೆಸೊಪೊಟೇಮಿಯಾದವರೂ ಈಜಿಪ್ಟಿನವರೂ ಬಲುಬೇಗ ಈ ಕಲ್ಲಿನ ಕೃತಕ ರೂಪವನ್ನು, ಅಂದರೆ ನೀಲಿ ಗಾಜನ್ನು ಮಾಡಲು ಕಲಿತರು. ಆಗ ಹೆಸರಿನಲ್ಲಿಯೇ ಭೇದ ಮಾಡಬೇಕಾಯಿತು. ಅಕ್ಕಾಡಿಯನ್ ಬರೆಹಗಳಲ್ಲಿ ಅಸಲು ಕಲ್ಲನ್ನು 'ಬೆಟ್ಟದ ಉಕ್ನು' ಎಂದೂ ಗಾಜನ್ನು 'ಕುಲುಮೆಯ ಉಕ್ನು' ಎಂದೂ ಕರೆದಿರುವುದು ಕಾಣುತ್ತದೆ. ಈಜಿಪ್ಟಿನಲ್ಲಿ ಅಸಲು ಕಲ್ಲಿಗೆ 'ನಿಜವಾದ ಖೆಸ್ಬೆಜ್' ಎಂಬ ವಿಶೇಷಣ ಸೇರಿತು.

ಗ್ರೀಕಿನ 'ಕ್ಯಾನೊಸ್' ಎಂಬುದು ಕಡುನೀಲಿ ವಸ್ತುವನ್ನು ಸೂಚಿಸುವ ಪದ. ಕ್ರಿ.ಪೂ. 4ನೆಯ ಶತಮಾನದ ಕೊನೆಗೆ ಕಲ್ಲುಗಳನ್ನು ಕುರಿತು ಗ್ರಂಥ ಬರೆದ ಥಿಯೊಫ್ರಾಸ್ಟಸನು ಕ್ಯಾನೊಸ್‌ನಲ್ಲಿ ಸಹಜವಾದುದು, ಕೃತಕವಾದುದು ಎಂದು ಎರಡು ಬಗೆ ಹೇಳಿ, ಕೃತಕವಾದುದನ್ನು ಮೊದಲು ಮಾಡಿಸಿದವನು ಈಜಿಪ್ಟಿನ ಒಬ್ಬ ಅರಸ ಎನ್ನುತ್ತಾನೆ. ಇಂದಿನ ಮುದ್ರಣ ಕಾರ್ಯದಲ್ಲಿ ಬಳಸುವ ಸಯಾನ್ ಬಣ್ಣದ ಹೆಸರು ಈ ಪದದಿಂದಲೇ ಬಂದುದು. ಸಯನೈಡ್ ವಿಷದ ಹೆಸರೂ ಇದರದೇ ಸಂತತಿ; ಪ್ರಶ್ಯನ್ ನೀಲಿ ಎಂಬ ವರ್ಣದ್ರವ್ಯದಿಂದ ಆ ರಾಸಾಯನಿಕವನ್ನು ಮೊದಲು ಪಡೆದುದರಿಂದ ಬಣ್ಣದ ಹೆಸರು ವಿಷಕ್ಕೆ ತಗುಲಿತು.

ಪರ್ಶಿಯಾದ ಸ್ವಂತ ದಾಖಲೆಯಲ್ಲಿಯೂ ಮೊದಲು ಕಾಣುವುದು ಬೇರೆಯ ಹೆಸರು. ಕ್ರಿ.ಪೂ. 522ರಿಂದ 486ರವರೆಗೆ ಆಳಿದ ಒಂದನೆಯ ದಾರಯವಹುವು ಸೂಸಾದಲ್ಲಿ ಅರಮನೆ ಕಟ್ಟಿಸಿದಾಗ ಬರೆಸಿದ ಶಾಸನದಲ್ಲಿ, ಯಾವ ವಸ್ತು ಯಾವ ನಾಡಿನಿಂದ ಬಂದಿತೆಂಬ ವಿವರವಿದೆ. ಅದರಲ್ಲಿ ಸೊಗ್ಡಿಯಾನಾದಿಂದ ತಂದ ನೀಲಿ ಕಲ್ಲನ್ನು ಪ್ರಾಚೀನ ಪಾರಸಿಯಲ್ಲಿ 'ಕಾಸಕ ಕಪೌತಕ' ಎಂದು ಕರೆದಿದೆ. ಕಪೌತಕ ಎಂಬುದು ಸಂಸ್ಕೃತದ 'ಕಪೋತ'ಕ್ಕೆ ಸೋದರ ಪದ. ಪಾರಿವಾಳದ ಕತ್ತಿನ ನೀಲಿಬೂದು ಬಣ್ಣವೇ ಇಲ್ಲಿ ಉಪಮೆ. ಆಧುನಿಕ ಪಾರಸಿಯಲ್ಲಿ ನೀಲಿ ಎಂಬ ಅರ್ಥದ 'ಕಬೂದ್' ಇದರ ಮುಂದುವರಿದ ರೂಪ. ಲಾಜವರ್ದ್ ಎಂಬ ಹೆಸರು ಇದಕ್ಕೆ ಬಹಳ ಕಾಲದ ನಂತರ ಬಳಕೆಗೆ ಬಂದುದು.

ಸಫೈರ್ ಎಂಬ ಹೆಸರಿನ ಪಲ್ಲಟ

ಥಿಯೊಫ್ರಾಸ್ಟಸನು ಕ್ಯಾನೊಸ್ ಅಲ್ಲದೆ 'ಸಪ್ಫೈರೊಸ್' ಎಂಬ ಮತ್ತೊಂದು ಕಲ್ಲನ್ನೂ ಹೆಸರಿಸುತ್ತಾನೆ. ಅದು ಚಿನ್ನವನ್ನು ಚಿಮುಕಿಸಿದಂತೆ ಚುಕ್ಕೆಗಳಿಂದ ಕೂಡಿರುತ್ತದೆ ಎಂಬುದು ಅವನ ವರ್ಣನೆ. ಕ್ರಿ.ಶ. 79ರಲ್ಲಿ ವೆಸೂವಿಯಸ್ ಅಗ್ನಿಪರ್ವತದ ಸ್ಫೋಟದ ಸಮಯದಲ್ಲಿ ಮಡಿದ ರೋಮನ್ ಲೇಖಕ ಹಿರಿಯ ಪ್ಲಿನಿಯು ತನ್ನ 'ನಿಸರ್ಗ ಚರಿತ್ರೆ'ಯ 37ನೆಯ ಸಂಪುಟದಲ್ಲಿ ಇನ್ನೂ ಸ್ಪಷ್ಟವಾಗಿ ಬರೆದಿದ್ದಾನೆ. ಅವನ ಪ್ರಕಾರ ಸಪ್ಫಿರುಸ್ ನೀಲಿಯಾದುದು, ಅದರೊಳಗೆ ಚಿನ್ನದ ಬಿಂದುಗಳು ಹೊಳೆಯುತ್ತವೆ, ಅದು ಎಲ್ಲಿಯದಾದರೂ ಪಾರದರ್ಶಕವಲ್ಲ. ಮೇಲೆ ಹೇಳಿದ ಶಿಲಾಲಕ್ಷಣಗಳೊಡನೆ ಇದನ್ನು ಹೋಲಿಸಿದರೆ ಸಂದೇಹಕ್ಕೆ ಎಡೆಯೇ ಇಲ್ಲ. ಚಿನ್ನದ ಬಿಂದುಗಳು ಪೈರೈಟ್ ಕಣಗಳು. ಪ್ಲಿನಿಯ ಸಪ್ಫಿರುಸ್ ಎಂದರೆ ಲ್ಯಾಪಿಸ್ ಲಾಜುಲಿ. 636ರಲ್ಲಿ ನಿಧನನಾದ ಸೆವಿಲ್ಲೆಯ ಇಸಿಡೋರನೂ ಈ ಕಲ್ಲಿನ ಮೇಲೆ ಹರಡಿದ ಚಿನ್ನದ ಧೂಳಿಯನ್ನು ಕುರಿತು ಹೇಳುತ್ತಾನಾದುದರಿಂದ, 7ನೆಯ ಶತಮಾನದ ಪಶ್ಚಿಮ ಯುರೋಪಿನಲ್ಲಿಯೂ ಹಳೆಯ ಅರ್ಥ ಉಳಿದಿತ್ತೆಂದು ತಿಳಿಯುತ್ತದೆ.

ಹೀಬ್ರೂ ಬೈಬಲಿನ 'ಸಪ್ಪೀರ್' ಪದದ ವಿಷಯವೂ ಹೀಗೆಯೇ. ವಿಮೋಚನಕಾಂಡದ 24ನೆಯ ಅಧ್ಯಾಯದಲ್ಲಿ ದೇವರ ಪಾದಗಳ ಕೆಳಗಿನ ನೆಲಗಟ್ಟು ಈ ಕಲ್ಲಿನದೆಂಬ ವರ್ಣನೆ ಬರುತ್ತದೆ. ಯೋಬನ ಗ್ರಂಥದ 28ನೆಯ ಅಧ್ಯಾಯದಲ್ಲಿ ಸಪ್ಪೀರಿನ ಜೊತೆಯಲ್ಲಿಯೇ ಚಿನ್ನದ ಧೂಳಿನ ಮಾತೂ ಇದೆ. ಬಹುಕಾಲ ಇಂಗ್ಲಿಷ್ ಅನುವಾದಗಳು ಇವೆರಡನ್ನೂ ಸಫೈರ್ ಎಂದೇ ಬರೆದವು. ಇತ್ತೀಚಿನ ಕೆಲವು ಅನುವಾದಗಳು ಮಾತ್ರ ಲ್ಯಾಪಿಸ್ ಲಾಜುಲಿ ಎಂದು ತಿದ್ದಿಕೊಂಡಿವೆ. ಇಂಗ್ಲಿಷಿನ ಸಫೈರನ್ನು ನೋಡಿ ಕನ್ನಡದಲ್ಲಿ ಇಂದ್ರನೀಲ ಎಂದು ಬರೆದರೆ ಪದ ಸರಿಯಾಗಿ ಕಂಡರೂ ಕಲ್ಲು ಬದಲಾಗುತ್ತದೆ. ಚಿನ್ನದ ಚುಕ್ಕೆಗಳಿರುವ ಕಡುನೀಲಿ ನೆಲವು ನಕ್ಷತ್ರಗಳಿರುವ ಆಕಾಶವನ್ನು ನೆನಪಿಗೆ ತರುತ್ತದೆ. ಆ ವರ್ಣನೆಯ ಬಲವಿರುವುದೇ ಅಲ್ಲಿ. ಪಾರದರ್ಶಕವಾದ ಇಂದ್ರನೀಲದಲ್ಲಿ ಆ ಚಿತ್ರ ಮೂಡುವುದಿಲ್ಲ.

ಹಾಗಾದರೆ ಪ್ರಾಚೀನರು ಇಂದಿನ ನೀಲಮಣಿಯನ್ನು ಏನೆಂದು ಕರೆಯುತ್ತಿದ್ದರು? ಗ್ರೀಕಿನ 'ಹ್ಯಾಕಿಂಥೊಸ್' ಎಂಬ ಹೆಸರು ಅದನ್ನು ಒಳಗೊಂಡಿತ್ತೆಂದು ಹಲವು ವಿದ್ವಾಂಸರ ಅಭಿಪ್ರಾಯ. ಆ ಪದವೇ ಪೂರ್ವಕ್ಕೆ ಹೋಗಿ ಅರಬ್ಬಿ-ಪಾರಸಿಗಳಲ್ಲಿ 'ಯಾಕೂತ್' ಆಯಿತು. ಅಲ್ಲಿ ಕೆಂಪು ಯಾಕೂತ್ ಎಂದರೆ ಮಾಣಿಕ್ಯ, ನೀಲಿ ಯಾಕೂತ್ ಎಂದರೆ ನೀಲಮಣಿ, ಲಾಜವರ್ದ್ ಎಂಬುದು ಬೇರೆಯೇ ಕಲ್ಲು. ಹೀಗೆ ಅರಬ್ಬಿ ಲೇಖಕರಲ್ಲಿ ಗೊಂದಲವೇ ಇರಲಿಲ್ಲ. ಗೊಂದಲವಾದುದು ಯುರೋಪಿನಲ್ಲಿ. ಮಧ್ಯಯುಗದಲ್ಲಿ ಸಿಂಹಳ ಮೊದಲಾದ ಕಡೆಗಳಿಂದ ಬಂದ ಪಾರದರ್ಶಕ ನೀಲಿ ರತ್ನಗಳಿಗೆ ಸಪ್ಫಿರುಸ್ ಎಂಬ ಗೌರವದ ಹೆಸರು ಕ್ರಮೇಣ ಅಂಟಿಕೊಂಡಿತು. ಹೆಸರನ್ನು ಕಳೆದುಕೊಂಡ ಹಳೆಯ ಕಲ್ಲಿಗೆ ಅರಬ್ಬರಿಂದ ಬಂದ ಲಾಜವರ್ದ್ ಎಂಬ ಹೆಸರು ದೊರೆಯಿತು. ಲ್ಯಾಪಿಸ್ ಲಾಜುಲಿ ಎಂಬ ಹೆಸರು ಬೇಕಾದುದೇ ಈ ಪಲ್ಲಟದಿಂದ ಎಂದು ಹೇಳಬಹುದು.

ಸಫೈರ್ ಪದವು ಸಂಸ್ಕೃತದ 'ಶನಿಪ್ರಿಯ' ಎಂಬುದರಿಂದ ಬಂದಿದೆ ಎಂಬ ವಿವರಣೆ ಹಲವು ಪುಸ್ತಕಗಳಲ್ಲಿಯೂ ರತ್ನ ವ್ಯಾಪಾರಿಗಳ ಕೈಪಿಡಿಗಳಲ್ಲಿಯೂ ಸಿಗುತ್ತದೆ. ಶನಿಪ್ರಿಯ ಎಂಬುದು ಸಂಸ್ಕೃತದಲ್ಲಿ ಕಡುಬಣ್ಣದ ರತ್ನವೊಂದಕ್ಕೆ ಇರುವ ಹೆಸರೇನೋ ನಿಜ. ಶನಿಗ್ರಹಕ್ಕೆ ನೀಲವನ್ನು ವಿಧಿಸುವ ಸಂಪ್ರದಾಯ ಕನ್ನಡನಾಡಿನಲ್ಲಿಯೂ ಪರಿಚಿತ. ನಿಘಂಟುಕಾರರು ಇದನ್ನು ಒಂದು ಸಾಧ್ಯತೆಯೆಂದು ಮಾತ್ರ ಉಲ್ಲೇಖಿಸುತ್ತಾರೆ. ಈ ವಿವರಣೆಗೆ ಎರಡು ಆಕ್ಷೇಪಗಳಿವೆ. ಗ್ರಹಗಳಿಗೂ ರತ್ನಗಳಿಗೂ ಗಂಟು ಹಾಕುವ ಭಾರತೀಯ ಗ್ರಂಥಗಳು ಹೀಬ್ರೂವಿನಲ್ಲಿ ಸಪ್ಪೀರ್ ಕಾಣಿಸಿಕೊಂಡ ಕಾಲಕ್ಕಿಂತ ಬಹಳ ಈಚಿನವು. ಎರಡನೆಯದಾಗಿ, ಶನಿಪ್ರಿಯವು ನೀಲಮಣಿಯಾದರೆ ಸಪ್ಪೀರ್ ನೀಲಮಣಿಯೇ ಅಲ್ಲ. ಸ್ವಂತ ಭಾಷೆಯ ಮೂಲವನ್ನು ದೂರದ ಪದದಲ್ಲಿ ಕಾಣುವ ಆಸೆ ಸಹಜವಾದರೂ, ಈ ವ್ಯುತ್ಪತ್ತಿಯನ್ನು ಸಿದ್ಧವಾದ ಸಂಗತಿಯೆಂದು ಬರೆಯುವುದು ಉಚಿತವಲ್ಲ. ಅದೇ ಖನಿಜದ ಕೊರಂಡಮ್ ಎಂಬ ಹೆಸರಾದರೋ ತಮಿಳಿನ 'ಕುರುಂದಂ' ಎಂಬುದರಿಂದ ಬಂದುದೆಂಬುದಕ್ಕೆ ಇಂತಹ ತೊಡಕು ಇಲ್ಲ.

ಲೋಪವಾದ ಲಕಾರ

ಲಾಜವರ್ದ್ ಪದವು ಯುರೋಪಿನ ಆಡುಭಾಷೆಗಳಿಗೆ ಇಳಿದಾಗ ಮೊದಲಕ್ಷರವನ್ನು ಕಳೆದುಕೊಂಡಿತು. ಫ್ರೆಂಚ್, ಇಟಾಲಿಯನ್ ಮೊದಲಾದ ಭಾಷೆಗಳಲ್ಲಿ ಸ್ವರದಿಂದ ಆರಂಭವಾಗುವ ನಾಮಪದದ ಹಿಂದೆ ನಿರ್ದೇಶಕ ಉಪಪದವು ಬರಿಯ ಲಕಾರವಾಗಿ ಅಂಟಿಕೊಳ್ಳುತ್ತದೆ. 'ಲಾಜುರ್' ಎಂಬುದನ್ನು ಕೇಳಿದವರು ಮೊದಲ ಲಕಾರವನ್ನು ಉಪಪದವೆಂದು ಭಾವಿಸಿ, ಮೂಲಪದ 'ಅಜುರ್' ಇರಬೇಕೆಂದು ತೆಗೆದುಕೊಂಡರು. ಫ್ರೆಂಚಿನ ಅಜ್ಯೂರ್, ಇಟಾಲಿಯನ್ನಿನ ಅಜ್ಜುರ್ರೊ, ಸ್ಪ್ಯಾನಿಷ್ ಮತ್ತು ಪೋರ್ಚುಗೀಸಿನ ಅಜುಲ್, ಇಂಗ್ಲಿಷಿನ ಅಜೂರ್ ಇವೆಲ್ಲ ಆ ತಪ್ಪು ತಿಳಿವಳಿಕೆಯ ಫಲ. ಇಂತಹ ಉಪಪದಗಳ ತೊಡಕು ಕಡಿಮೆಯಿದ್ದ ಕಡೆಗಳಲ್ಲಿ ಲಕಾರ ಉಳಿದುಕೊಂಡಿತು. ರಷ್ಯನ್ನಿನ 'ಲಜೂರ್', ಪೋಲಿಷಿನ 'ಲಜುರ್' ಇದಕ್ಕೆ ಉದಾಹರಣೆ. ಜರ್ಮನ್ನಿನ 'ಲಜೂರ್‌ಸ್ಟೈನ್' ಎಂಬುದು ಇದೇ ಕಲ್ಲಿನ ಹೆಸರು. ಲ್ಯಾಪಿಸ್ ಲಾಜುಲಿಯಲ್ಲಿ ಲಕಾರ ಉಳಿದುದು ಅದು ವಿದ್ವಾಂಸರ ಲ್ಯಾಟಿನ್ನಿನಲ್ಲಿ ರೂಪುಗೊಂಡುದರಿಂದ.

ಇದಕ್ಕೆ ತದ್ವಿರುದ್ಧವಾದುದು 'ನೀಲ' ಪದದ ಗತಿ. ನೀಲಿ ಗಿಡದ ಬಣ್ಣವನ್ನು ಸೂಚಿಸುವ ಸಂಸ್ಕೃತದ 'ನೀಲೀ' ಪಾರಸಿಯ ಮೂಲಕ ಅರಬ್ಬಿಗೆ ಹೋಗಿ, ಅಲ್ಲಿಯ ಉಪಪದವನ್ನು ಕೂಡಿಕೊಂಡು 'ಅನ್ನೀಲ್' ಆಯಿತು. ಪೋರ್ಚುಗೀಸರು ಉಪಪದವನ್ನು ಪದದ ಅಂಗವೆಂದೇ ಎಣಿಸಿ 'ಅನಿಲ್' ಎಂದರು. ನೀಲಿಯಿಂದ ಮೊದಲು ಪಡೆಯಲಾದ ಅನಿಲೀನ್ ಎಂಬ ರಾಸಾಯನಿಕದ ಹೆಸರಿನಲ್ಲಿ ಅದು ಇಂದಿಗೂ ಇದೆ. ಒಂದು ನೀಲಿ ಪದ ತನ್ನದಾಗಿದ್ದ ಅಕ್ಷರವನ್ನು ಕಳೆದುಕೊಂಡರೆ, ಇನ್ನೊಂದು ತನ್ನದಲ್ಲದ ಅಕ್ಷರವನ್ನು ಗಳಿಸಿತು.

ಇಟಲಿಯ ರಾಷ್ಟ್ರೀಯ ಫುಟ್ಬಾಲ್ ತಂಡವನ್ನು 'ಅಜ್ಜುರ್ರಿ' ಎಂದು ಕರೆಯುವುದೂ, ಮೈಕ್ರೋಸಾಫ್ಟ್ ಸಂಸ್ಥೆಯ ಕ್ಲೌಡ್ ಸೇವೆಗೆ ಅಜೂರ್ ಎಂಬ ಹೆಸರಿರುವುದೂ ಈ ಪದದ ಇಂದಿನ ಹರವನ್ನು ತೋರಿಸುತ್ತವೆ. ಆದರೆ ಪೋರ್ಚುಗಲ್ಲಿನ ನೀಲಿ-ಬಿಳಿ ಗೋಡೆಬಿಲ್ಲೆಗಳಾದ 'ಅಜುಲೇಜು' ಈ ವಂಶಕ್ಕೆ ಸೇರಿದುದಲ್ಲ. ಅದು ನಯಗೊಳಿಸಿದ ಚಿಕ್ಕ ಕಲ್ಲು ಎಂಬ ಅರ್ಥದ ಬೇರೊಂದು ಅರಬ್ಬಿ ಪದದಿಂದ ಹುಟ್ಟಿದುದು. ಬಣ್ಣದ ಹೋಲಿಕೆಯಿಂದ ಎರಡನ್ನೂ ಒಂದೇ ಎಂದು ತಿಳಿಯುವುದು ಸಾಮಾನ್ಯ.

ಭಾರತೀಯ ಹೆಸರುಗಳು

ಸಂಸ್ಕೃತದ ರಾಜಾವರ್ತ ಎಂಬ ಪದವನ್ನು ರಾಜ ಮತ್ತು ಆವರ್ತ ಎಂದು ಬಿಡಿಸಬಹುದಾದರೂ ಆ ವಿಗ್ರಹದಿಂದ ಕಲ್ಲಿನ ಅರ್ಥ ಹೊರಡುವುದಿಲ್ಲ. ಲಾಜವರ್ದ್ ಮತ್ತು ರಾಜಾವರ್ತಗಳ ಧ್ವನಿಸಾಮ್ಯ ಆಕಸ್ಮಿಕವಲ್ಲವೆಂಬುದರಲ್ಲಿ ವಿದ್ವಾಂಸರಿಗೆ ಬಹುಮಟ್ಟಿಗೆ ಒಮ್ಮತವಿದೆ. ಯಾವುದು ಯಾವುದರಿಂದ ಬಂದಿತೆಂಬುದರಲ್ಲಿ ಭಿನ್ನಾಭಿಪ್ರಾಯವಿದೆ. ಪಾರಸಿ ಪದವೇ ಸಂಸ್ಕೃತದಿಂದ ಹೋದುದೆಂದು ಹಿಂದಿನ ಕೆಲವರು ವಾದಿಸಿದ್ದರು. ಹೊರಗಿನಿಂದ ಬಂದ ಅಪರಿಚಿತ ಪದವನ್ನು ಪರಿಚಿತ ಸಂಸ್ಕೃತ ಘಟಕಗಳಿಗೆ ಹೊಂದಿಸಿಕೊಂಡು ರಾಜಾವರ್ತವೆಂದು ಮಾಡಿರಬೇಕೆಂಬ ವಿವರಣೆ ಹೆಚ್ಚು ಸಮಂಜಸವಾಗಿ ತೋರುತ್ತದೆ. ಕಲ್ಲು ಭಾರತದಲ್ಲಿ ದೊರೆಯುವುದಲ್ಲ, ಬದಖ್ಶಾನಿನಿಂದ ಬರುತ್ತಿದ್ದುದು; ಹೆಸರೂ ಅದರೊಡನೆ ಬಂದಿರುವುದು ಸ್ವಾಭಾವಿಕ. ಲಾಜಾವರ್ತ ಎಂಬ ಮಧ್ಯಸ್ಥ ರೂಪವೂ ಬಳಕೆಯಲ್ಲಿದೆ.

ವೈಡೂರ್ಯ ಎಂಬ ಹೆಸರಿನಿಂದ ಮತ್ತೊಂದು ತೊಡಕುಂಟು. ಭಾರತದಲ್ಲಿ ವೈಡೂರ್ಯವೆಂದರೆ ಹಿಂದೆ ಬೆರಿಲ್, ಇಂದು ನವರತ್ನಗಳಲ್ಲಿ ಬೆಕ್ಕಿನ ಕಣ್ಣಿನಂತೆ ಹೊಳೆಯುವ ರತ್ನ. ಆದರೆ ಟಿಬೆಟ್, ಚೀನಾ ಮತ್ತು ಜಪಾನಿನ ಬೌದ್ಧ ಪರಂಪರೆಯಲ್ಲಿ ಭೈಷಜ್ಯಗುರು ಬುದ್ಧನ ವೈಡೂರ್ಯಪ್ರಭೆಯನ್ನು ಕಡುನೀಲಿಯಾಗಿ ಚಿತ್ರಿಸುತ್ತಾರೆ. ಆಂಗ್ಲ ಲೇಖಕರು ಅಲ್ಲಿಯ ವೈಡೂರ್ಯವನ್ನು ಲ್ಯಾಪಿಸ್ ಲಾಜುಲಿ ಎಂದೇ ಅನುವಾದಿಸುವುದು ರೂಢಿ. ಹೀಗಾಗಿ ಇಂಗ್ಲಿಷಿನ ಬೌದ್ಧ ಗ್ರಂಥದಿಂದ ಕನ್ನಡಕ್ಕೆ ತರುವಾಗ ವೈಡೂರ್ಯ ಎಂದು ಬರೆಯುವುದು ಸರಿಯಾದರೂ, ಉರ್ ನಗರದ ಉತ್ಖನನದ ವಿವರವನ್ನು ಕನ್ನಡಕ್ಕೆ ತರುವಾಗ ಅದೇ ಪದವನ್ನು ಬಳಸಿದರೆ ಓದುಗರಿಗೆ ತಪ್ಪು ಕಲ್ಲು ತೋರಿಸಿದಂತಾಗುತ್ತದೆ. ರಾಜಾವರ್ತ ಅಥವಾ ಲ್ಯಾಪಿಸ್ ಲಾಜುಲಿ ಎಂದು ಬರೆಯುವುದೇ ಮೇಲು.

ಅಲ್ಟ್ರಾಮರೀನ್

ಕಲ್ಲನ್ನು ಅರೆದು ತೆಗೆಯುವ ವರ್ಣದ್ರವ್ಯಕ್ಕೆ ಯುರೋಪಿನಲ್ಲಿ ಅಲ್ಟ್ರಾಮರೀನ್ ಎಂಬ ಪ್ರತ್ಯೇಕ ಹೆಸರು ಬಂದಿತು. 'ಕಡಲಾಚೆಯದು' ಎಂಬುದು ಇದರ ಅರ್ಥ. ಬಣ್ಣದ ಆಳವನ್ನು ಕಡಲಿಗೆ ಹೋಲಿಸಿದುದೆಂದು ಕೆಲವರು ತಿಳಿಯುತ್ತಾರೆ. ಹೆಸರಿನಲ್ಲಿರುವುದು ಹೋಲಿಕೆಯಲ್ಲ, ಸಾಗಣೆಯ ದಾರಿ. ಬಾಮಿಯಾನಿನ ಗುಹೆಗಳ ಚಿತ್ರಗಳಲ್ಲಿ, ಅಜಂತಾದ ಭಿತ್ತಿಚಿತ್ರಗಳಲ್ಲಿ ಈ ಕಲ್ಲಿನ ನೀಲಿಯನ್ನು ಬಳಸಿದ್ದಾರೆ. ಕಲ್ಲನ್ನು ಬರಿದೆ ಪುಡಿ ಮಾಡಿದರೆ ಕ್ಯಾಲ್ಸೈಟ್ ಬೆರೆತು ಬೂದುಬಣ್ಣ ಬರುತ್ತದೆ. ಸುಮಾರು 1400ರಲ್ಲಿ ಇಟಲಿಯ ಚೆನ್ನಿನೊ ಚೆನ್ನಿನಿ ತನ್ನ ಕೈಪಿಡಿಯಲ್ಲಿ ವಿವರಿಸಿರುವಂತೆ, ಪುಡಿಯನ್ನು ರಾಳ, ಗೋಂದು ಮತ್ತು ಮೇಣದೊಡನೆ ಕಣಕದಂತೆ ನಾದಿ, ಬೂದಿಯ ತಿಳಿನೀರಿನಲ್ಲಿ ಹಿಸುಕಿದರೆ ನೀಲಿ ಕಣಗಳು ಮಾತ್ರ ಹೊರಬರುತ್ತವೆ. ಶ್ರಮವೂ ದೂರವೂ ಸೇರಿ ಇದು ಬಹಳ ದುಬಾರಿಯಾಗಿತ್ತು. ಜರ್ಮನಿಯ ಡಾಲ್‌ಹೈಮಿನ ಮಠದ ಸ್ಮಶಾನದಲ್ಲಿ ದೊರೆತ, ಸುಮಾರು 11–12ನೆಯ ಶತಮಾನದ ಮಹಿಳೆಯೊಬ್ಬಳ ಹಲ್ಲಿನ ಪಾಚಿಯಲ್ಲಿ ಈ ನೀಲಿಯ ಕಣಗಳಿರುವುದನ್ನು 2019ರಲ್ಲಿ ಪ್ರಕಟಿಸಲಾಯಿತು. ಆಕೆ ಹಸ್ತಪ್ರತಿಗಳನ್ನು ಚಿತ್ರಿಸುವಾಗ ಕುಂಚದ ತುದಿಯನ್ನು ಬಾಯಿಯಲ್ಲಿ ಚೂಪು ಮಾಡಿಕೊಳ್ಳುತ್ತಿದ್ದಿರಬೇಕೆಂಬುದು ಸಂಶೋಧಕರ ಊಹೆ.

1824ರಲ್ಲಿ ಫ್ರಾನ್ಸಿನ ಉದ್ಯಮ ಪ್ರೋತ್ಸಾಹಕ ಸಂಘವೊಂದು ಕೃತಕ ಅಲ್ಟ್ರಾಮರೀನ್ ತಯಾರಿಸುವವರಿಗೆ 6,000 ಫ್ರಾಂಕುಗಳ ಬಹುಮಾನವನ್ನು ಘೋಷಿಸಿತು. 1828ರಲ್ಲಿ ಜಾನ್ ಬ್ಯಾಪ್ಟಿಸ್ಟ್ ಗಿಮೆ ಅದನ್ನು ಪಡೆದನು. ಅದೇ ವರ್ಷ ಜರ್ಮನಿಯ ಗ್ಮೆಲಿನ್ ಎಂಬ ರಸಾಯನಶಾಸ್ತ್ರಜ್ಞನೂ ತನ್ನ ವಿಧಾನವನ್ನು ಪ್ರಕಟಿಸಿದನು. ಬೆಲೆ ಕುಸಿಯಿತು. ಬಿಳಿ ಬಟ್ಟೆಯನ್ನು ಒಗೆದ ಮೇಲೆ ಅದ್ದುವ ನೀಲಿಪುಡಿಯಾಗಿ ಮನೆಮನೆಗೆ ಬಂದುದು ಈ ಕೃತಕ ಅಲ್ಟ್ರಾಮರೀನೇ.

ಹೋಲುವ ಹೆಸರಿನ ಖನಿಜಗಳು

ವಿದ್ಯಾರ್ಥಿಗಳು ತಪ್ಪುವ ಮೂರು ಹೆಸರುಗಳಿವೆ. ಲಾಜುರೈಟ್ ಎಂಬುದು ಲ್ಯಾಪಿಸ್ ಲಾಜುಲಿಯಲ್ಲಿರುವ ನೀಲಿ ಖನಿಜ. 1795ರಲ್ಲಿ ಕ್ಲಾಪ್ರೋತ್ ಹೆಸರಿಟ್ಟ ಲಾಜುಲೈಟ್ ಒಂದು ಫಾಸ್ಫೇಟ್ ಖನಿಜ. ಬಣ್ಣ ನೀಲಿಯಾದರೂ ಲ್ಯಾಪಿಸ್ ಲಾಜುಲಿಯೊಡನೆ ಅದಕ್ಕೆ ರಾಸಾಯನಿಕ ಸಂಬಂಧವಿಲ್ಲ. 1824ರಲ್ಲಿ ಬ್ಯೂಡಾಂ ಹೆಸರಿಟ್ಟ ಅಜುರೈಟ್ ತಾಮ್ರದ ಕಾರ್ಬೊನೇಟ್. ಮೂರಕ್ಕೂ ಹೆಸರು ಮಾತ್ರ ಲಾಜವರ್ದಿನದೇ.

ಮಾರುಕಟ್ಟೆಯಲ್ಲಿ ಈ ಹೆಸರಿನ ಬಳಕೆ

ಇಂದು ಆಫ್ಘಾನಿಸ್ತಾನವಲ್ಲದೆ ರಷ್ಯಾದ ಬೈಕಲ್ ಸರೋವರದ ಪ್ರದೇಶದಿಂದಲೂ ಚಿಲಿಯ ಆಂಡೀಸ್ ಪರ್ವತಗಳಿಂದಲೂ ಈ ಕಲ್ಲು ಮಾರುಕಟ್ಟೆಗೆ ಬರುತ್ತದೆ. ಭಾರತದಲ್ಲಿ ನೀಲಮಣಿಯನ್ನು ಕೊಳ್ಳಲಾಗದವರಿಗೆ ಅದರ ಬದಲಿನ ಉಪರತ್ನವೆಂದು ಇದನ್ನು ಮಾರುವುದುಂಟು. ಹೆಸರಿನ ಬಗ್ಗೆ ಕೊಳ್ಳುವವರು ಎಚ್ಚರ ವಹಿಸಬೇಕಾಗುತ್ತದೆ. 'ಸ್ವಿಸ್ ಲ್ಯಾಪಿಸ್' ಮತ್ತು 'ಜರ್ಮನ್ ಲ್ಯಾಪಿಸ್' ಎಂಬ ವ್ಯಾಪಾರದ ಹೆಸರುಗಳಲ್ಲಿ ಸಿಗುವುದು ಲ್ಯಾಪಿಸ್ ಲಾಜುಲಿಯೇ ಅಲ್ಲ, ನೀಲಿ ಬಣ್ಣ ಕುಡಿಸಿದ ಜ್ಯಾಸ್ಪರ್ ಕಲ್ಲು. ಅದರಲ್ಲಿ ಸಾಮಾನ್ಯವಾಗಿ ಪೈರೈಟಿನ ಚಿನ್ನದ ಚುಕ್ಕೆಗಳಿರುವುದಿಲ್ಲ.